ಓದಲು ತಡವರಿಸುವ ಮಗು ದಡ್ಡ ಮಗುವಲ್ಲ

ಮಾತಿನಲ್ಲಿ ಚುರುಕು. ಒಮ್ಮೆ ಕೇಳಿದ ಕಥೆಯನ್ನು ಮರೆಯುವುದಿಲ್ಲ. ತಾಳಮದ್ದಲೆ ಕೇಳಿ ಬಂದರೆ ಮರುದಿನ ಅರ್ಥಧಾರಿಯ ಮಾತನ್ನು ಹಾಗೆಯೇ ಒಪ್ಪಿಸುತ್ತದೆ. ಆದರೆ ಪುಸ್ತಕ ಕೈಗೆ ಕೊಟ್ಟು ‘ಗಟ್ಟಿಯಾಗಿ ಓದು’ ಎಂದೊಡನೆ ಮಗುವಿನ ಮುಖ ಬಾಡುತ್ತದೆ. ಬಾಯಾರಿಕೆ, ಹೊಟ್ಟೆನೋವು ಶುರುವಾಗುತ್ತವೆ. ಶೃಂಗೇರಿ ಸೀಮೆಯ ಬೇಗಾರಿನಂಥ ಊರುಗಳಲ್ಲಿ, ಕೊಪ್ಪ, ನರಸಿಂಹರಾಜಪುರಗಳ ಒಂಟಿ ಮನೆಗಳಲ್ಲಿ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ತಂದೆತಾಯಿಯರಿಗೆ ಇದೊಂದು ಒಗಟು. ಸೋಮಾರಿತನವೆಂದು ಗದರುತ್ತಾರೆ, ಕೆಲವೊಮ್ಮೆ ಕೈಯನ್ನೂ ಎತ್ತುತ್ತಾರೆ. ಇದು ‘ಡಿಸ್‌ಲೆಕ್ಸಿಯಾ’ ಎಂಬ ಓದಿನ ತೊಂದರೆ ಆಗಿರಬಹುದು ಎಂಬ ಯೋಚನೆ ಬರುವಷ್ಟರಲ್ಲಿ ಮಗು ಪುಸ್ತಕವನ್ನೇ ದ್ವೇಷಿಸಲು ಕಲಿತಿರುತ್ತದೆ.

ಏನಿದು ಡಿಸ್‌ಲೆಕ್ಸಿಯಾ?

ಇದು ಬುದ್ಧಿಮಾಂದ್ಯವಲ್ಲ, ಕಣ್ಣಿನ ದೋಷವೂ ಅಲ್ಲ. ಕೇಳಿದ ಶಬ್ದವನ್ನು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸಿ, ಅವನ್ನು ಬರಹದ ಗುರುತುಗಳೊಂದಿಗೆ ಬೇಗ ಜೋಡಿಸುವ ಕೆಲಸ ಮಿದುಳಿನಲ್ಲಿ ಸಲೀಸಾಗಿ ನಡೆಯದಿರುವುದೇ ಇದರ ಮೂಲ. ಇದು ವಂಶದಲ್ಲಿ ಬರುವುದುಂಟು. ಅಪ್ಪನೋ ಸೋದರಮಾವನೋ ಚಿಕ್ಕಂದಿನಲ್ಲಿ ಓದಲು ಒದ್ದಾಡಿದ್ದರೆ ಮಗುವಿಗೂ ಈ ತೊಂದರೆ ಇರುವ ಸಂಭವ ಹೆಚ್ಚು.

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಹದಿನಾಲ್ಕು ವರ್ಷದ ಇಂಥ ಹುಡುಗನೊಬ್ಬನ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಅವನೇ ಅತ್ಯಂತ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಇಂದಿಗೂ ಅನೇಕ ಮಕ್ಕಳ ಸ್ಥಿತಿ ಇದೇ.

ಕನ್ನಡದಲ್ಲಿ ಎಲ್ಲಿ ಎಡವುತ್ತಾರೆ?

ಕನ್ನಡವನ್ನು ಬರೆದಂತೆಯೇ ಓದುತ್ತೇವೆ, ಆದ್ದರಿಂದ ಕಷ್ಟವಿಲ್ಲ ಎನ್ನುವುದು ಅರ್ಧ ಸತ್ಯ. ನಮ್ಮಲ್ಲಿ ಮೂಲಾಕ್ಷರಗಳ ಜೊತೆಗೆ ಗುಣಿತಾಕ್ಷರ, ಒತ್ತಕ್ಷರಗಳು ಸೇರಿ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಮಾನ್ಯ ಮಕ್ಕಳಿಗೂ ಇವೆಲ್ಲ ಕೈವಶವಾಗಲು ಕೆಲವು ವರ್ಷಗಳೇ ಬೇಕು. ಆದ್ದರಿಂದ ಒಂದನೇ ತರಗತಿಯ ವಯಸ್ಸಿನ ಮಗು ತಡವರಿಸಿದ ಮಾತ್ರಕ್ಕೆ ಗಾಬರಿ ಬೇಡ.

ಆದರೆ ಏಳೆಂಟು ವರ್ಷ ತುಂಬಿ, ಸರಿಯಾಗಿ ಕಲಿಸಿದ ಮೇಲೂ ದ-ಧ-ಥ, ವ-ಮ, ಪ-ಷಗಳಲ್ಲಿ ಗೊಂದಲ ಉಳಿದಿದ್ದರೆ ಗಮನಿಸಿ. ‘ಕೊಪ್ಪ’ವನ್ನು ‘ಕೋಪ’ ಎಂದು ಓದುವುದು, ಒತ್ತು-ದೀರ್ಘ ಬಿಡುವುದು, ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುವುದು, ಸಾಲು ತಪ್ಪುವುದು ಇವು ಮುಖ್ಯ ಲಕ್ಷಣಗಳು. ದಿನವೂ ನಾಲಿಗೆಯ ಮೇಲಾಡುವ ‘ಶೃಂಗೇರಿ’ಯನ್ನೇ ತೆಗೆದುಕೊಳ್ಳಿ. ವಟ್ರಸುಳಿ, ಸೊನ್ನೆ, ದೀರ್ಘ, ಗುಡಿಸು ಎಲ್ಲವೂ ಆ ಮೂರೇ ಅಕ್ಷರಗಳಲ್ಲಿವೆ!

ಮನೆಪಾಠದ ಲಾಭ, ಅಪಾಯ

ಮಲೆನಾಡಿಗೆ ಮನೆಪಾಠ ಹೊಸದಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ಪಾಠಗಳು ನಡೆದದ್ದು ಮನೆಗೆ ಬಂದ ಉಪಾಧ್ಯಾಯರಿಂದಲೇ. ಓದಿನ ತೊಂದರೆಯುಳ್ಳ ಮಗುವಿಗೆ ಮನೆಯಲ್ಲಿ ಒಂದು ದೊಡ್ಡ ಅನುಕೂಲವಿದೆ: ನಲವತ್ತು ಮಕ್ಕಳೆದುರು ನಿಂತು ತಪ್ಪು ಓದಿ ನಗೆಪಾಟಲಾಗುವ ಭಯವಿಲ್ಲ.

ಅಪಾಯವೂ ಇದೆ. ಓರಗೆಯ ಮಕ್ಕಳು ಪಕ್ಕದಲ್ಲಿಲ್ಲದ ಕಾರಣ ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ತಾಯಿ ಎರಡು ಸಲ ಓದಿ ಹೇಳಿದ ಪಾಠವನ್ನು ಮಗು ಬಾಯಿಪಾಠ ಮಾಡಿ, ಪುಸ್ತಕ ನೋಡುತ್ತಾ ಒಪ್ಪಿಸುತ್ತದೆ. ಓದು ಬಂತೆಂದು ಮನೆಯವರು ಹಿಗ್ಗುತ್ತಾರೆ. ಪರೀಕ್ಷಿಸುವುದು ಸುಲಭ. ಪಾಠದ ಕೊನೆಯ ಸಾಲನ್ನು ಮೊದಲು ಓದಿಸಿ, ಅಥವಾ ಹಿಂದೆ ಕೇಳಿರದ ನಾಲ್ಕು ಸಾಲು ಬರೆದುಕೊಡಿ.

ಗಟ್ಟಿ ಓದಿಗೆ ಮೆಟ್ಟಿಲುಗಳು

* ಮೊದಲು ಧ್ವನಿಯ ಆಟ. ‘ನರಸಿಂಹರಾಜಪುರ’ವನ್ನು ಚಪ್ಪಾಳೆ ತಟ್ಟುತ್ತಾ ನರ-ಸಿಂಹ-ರಾಜ-ಪುರ ಎಂದು ಬಿಡಿಸಲಿ. ‘ಮರಳು’ ಶಬ್ದದಿಂದ ‘ಮ’ ತೆಗೆದರೆ ಏನುಳಿಯಿತು ಎಂದು ಕೇಳಿ. ಇದಕ್ಕೆ ಪುಸ್ತಕ ಬೇಡ.

* ಒಂದು ವಾರಕ್ಕೆ ನಾಲ್ಕೈದು ಅಕ್ಷರ ಸಾಕು. ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸಬೇಡಿ. ಬಾಯಲ್ಲಿ ಹೇಳುತ್ತಾ ಮರಳಿನ ಮೇಲೆ ಬೆರಳಿನಿಂದ ತಿದ್ದುವ ನಮ್ಮ ಹಳೆಯ ಕ್ರಮ ಬಹಳ ಒಳ್ಳೆಯದು. ಕಣ್ಣು, ಕಿವಿ, ಕೈ ಮೂರೂ ಸೇರಿ ಕಲಿಯುತ್ತವೆ.

* ಜೊತೆ ಓದು. ನೀವೂ ಮಗುವೂ ಒಟ್ಟಿಗೆ ಗಟ್ಟಿಯಾಗಿ ಓದಿ. ಧೈರ್ಯ ಬಂದಾಗ ಮಗು ನಿಮ್ಮ ಕೈ ತಟ್ಟಲಿ; ನೀವು ನಿಲ್ಲಿಸಿ, ಅದೊಂದೇ ಮುಂದುವರಿಯಲಿ. ಸಿಕ್ಕಿಕೊಂಡರೆ ನಾಲ್ಕೈದು ಸೆಕೆಂಡು ಕಾಯಿರಿ. ಆಮೇಲೆ ಶಬ್ದವನ್ನು ಹೇಳಿಕೊಟ್ಟು ಮತ್ತೆ ಜೊತೆಗೂಡಿ. ‘ಮತ್ತೆ ತಪ್ಪು!’ ಎಂಬ ಮಾತು ಬೇಡ.

* ಮರು ಓದು. ಐದಾರು ಸಾಲಿನ ಒಂದೇ ಭಾಗವನ್ನು ಮೂರು ನಾಲ್ಕು ಸಲ ಓದಿಸಿ. 1979ರಲ್ಲಿ ಅಮೆರಿಕದ ಜೇ ಸ್ಯಾಮ್ಯುಯೆಲ್ಸ್ ವಿವರಿಸಿದ ವಿಧಾನವಿದು. ಮೊದಲ ಸಲ ಹತ್ತು ತಪ್ಪು, ನಾಲ್ಕನೆಯ ಸಲ ಮೂರು ತಪ್ಪು ಎಂದಾದಾಗ ಮಗುವಿಗೆ ತನ್ನ ಪ್ರಗತಿ ತಾನೇ ಕಾಣುತ್ತದೆ. ಆತ್ಮವಿಶ್ವಾಸ ಹುಟ್ಟುವುದು ಹೊಗಳಿಕೆಗಿಂತ ಹೆಚ್ಚಾಗಿ ಇಲ್ಲಿಂದ.

* ಕೇಳುಗರು ಮೆಲ್ಲನೆ ಹೆಚ್ಚಲಿ. ಮೊದಲು ಯಾರೂ ಬೇಡ, ನಂತರ ತಂಗಿ, ಅಜ್ಜಿ, ಆಮೇಲೆ ಮನೆಮಂದಿ. ಅಭ್ಯಾಸ ಮಾಡಿದ್ದನ್ನೇ ಓದಲಿ. ನೆಂಟರೆದುರು ಥಟ್ಟನೆ ಪತ್ರಿಕೆ ಕೊಟ್ಟು ‘ಓದು ನೋಡೋಣ’ ಎನ್ನಬೇಡಿ. ತಿಂಗಳುಗಟ್ಟಲೆ ಕಟ್ಟಿದ ಧೈರ್ಯ ಒಂದೇ ನಿಮಿಷದಲ್ಲಿ ಕುಸಿಯಬಹುದು.

ದಿನಕ್ಕೆ ಹದಿನೈದು-ಇಪ್ಪತ್ತು ನಿಮಿಷ ಸಾಕು, ಆದರೆ ತಪ್ಪದೆ ನಡೆಯಬೇಕು. ಜೊತೆಗೆ ವಿಜ್ಞಾನ, ಚರಿತ್ರೆ, ಕಥೆಗಳನ್ನು ನೀವೇ ಓದಿ ಹೇಳುತ್ತಿರಿ. ಓದು ನಿಧಾನವೆಂದು ತಿಳುವಳಿಕೆಯೂ ಹಿಂದುಳಿಯಬಾರದು.

ಎಲ್ಲಿಗೆ ಹೋಗಬೇಕು?

ಮೊದಲು ಮಕ್ಕಳ ವೈದ್ಯರಲ್ಲಿ ಕಣ್ಣು, ಕಿವಿಯ ಪರೀಕ್ಷೆ ಆಗಲಿ. ನಂತರ ಚಿಕಿತ್ಸಾ ಮನೋವಿಜ್ಞಾನಿಯಿಂದ ಕಲಿಕೆಯ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದಕ್ಕೆ ಸೌಲಭ್ಯವಿದೆ. ಡಿಸ್‌ಲೆಕ್ಸಿಯಾಕ್ಕೆ ಮಾತ್ರೆ, ಟಾನಿಕ್ ಇಲ್ಲ; ಬಣ್ಣದ ಕನ್ನಡಕದಿಂದ ಗುಣವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹಣ ಕಳೆದುಕೊಳ್ಳಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಮಾನ್ಯ ಮಾಡಿದೆ. ನಿಗದಿತ ಪ್ರಮಾಣದ ತೊಂದರೆ ಇದೆಯೆಂಬ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಮನೆಯಲ್ಲೇ ಕಲಿತ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು.

ಈ ತೊಂದರೆ ಪೂರ್ತಿ ಮಾಯವಾಗುವುದಿಲ್ಲ. ದೊಡ್ಡವರಾದ ಮೇಲೂ ಓದು ತುಸು ನಿಧಾನವೇ ಇರಬಹುದು. ಆದರೆ ನಿಧಾನವಾಗಿ ಓದುವುದಕ್ಕೂ ಓದಲು ಹೆದರುವುದಕ್ಕೂ ಬಹಳ ಅಂತರವಿದೆ. ಆ ಹೆದರಿಕೆಯನ್ನು ಬಿಡಿಸುವುದು ಮನೆಯವರ ಕೈಯಲ್ಲಿದೆ.