ನಿಮಗಿದು ಗೊತ್ತೆ? ಮಂದಗಾಳಿಗೂ ದಣಿಯುತ್ತದೆ ತಂತಿ

ಹರಿಹರ ತಾಲ್ಲೂಕಿನ ಗುತ್ತೂರಿನಲ್ಲಿ 400 ಕೆ.ವಿ. ವಿದ್ಯುತ್ ಉಪಕೇಂದ್ರವಿದೆ. ಇಂಥ ಕೇಂದ್ರಗಳನ್ನು ಬೆಸೆಯುವ ಮಾರ್ಗಗಳಲ್ಲಿ ನಮ್ಮ ದೇಶ ಹೆಚ್ಚಾಗಿ ಬಳಸುವ ‘ಮೂಸ್’ ತಂತಿಯಲ್ಲಿ 54 ಅಲ್ಯೂಮಿನಿಯಂ, 7 ಉಕ್ಕಿನ ಎಳೆಗಳು, ಒಂದೊಂದೂ 3.53 ಮಿ.ಮೀ. ದಪ್ಪ. ಬಿರುಗಾಳಿಯಷ್ಟೇ ಅಲ್ಲ, ಮಂದಗಾಳಿಯೂ ಇದಕ್ಕೆ ಅಪಾಯ. ಸೆಕೆಂಡಿಗೆ ಹತ್ತಾರು ಬಾರಿ ಕಂಪಿಸುತ್ತ ವರ್ಷಗಟ್ಟಲೆ ಬಾಗಿ ಬಳುಕಿದ ಎಳೆ, ಗೋಪುರದಲ್ಲಿ ತಂತಿಯನ್ನು ಹಿಡಿದಿಟ್ಟ ಹಿಡಿಕೆಯ ಬಳಿ ದಣಿದು ತುಂಡಾಗಬಹುದು. ಗೋಪುರದ ಪಕ್ಕ ತಂತಿಗೆ ನೇತುಹಾಕಿದ ಡಂಬೆಲ್‌ನಂಥ ಸಾಧನ ಆ ಕಂಪನವನ್ನು ಹೀರಿಕೊಳ್ಳುತ್ತದೆ. 1920ರ ದಶಕದಲ್ಲಿ ಅದನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಡ್ಜ್.

ಇಂಥ ದಣಿವನ್ನು ತಾಳುವುದರಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವುದು ಗ್ರಾಫೀನ್. ಟೊರಾಂಟೊ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪರಮಾಣು ದಪ್ಪದ ಈ ಇಂಗಾಲದ ಹಾಳೆ 100 ಕೋಟಿಗೂ ಹೆಚ್ಚು ಬಾರಿ ಒತ್ತಡ ತಾಳಿತು! ಲೋಹದಲ್ಲಿ ಬಿರುಕು ಮೆಲ್ಲಗೆ ಬೆಳೆಯುತ್ತದೆ. ಗ್ರಾಫೀನ್ ಮಾತ್ರ ಸುಳಿವೇ ಕೊಡದೆ ಒಮ್ಮೆಲೇ ಹರಿಯುತ್ತದೆ.