ಯಜಮಾನರು ಮಂಕಾದರೆ ಮುನಿಸು ಬೇಡ, ಮದ್ದಿದೆ

ಹಾಲು ಉತ್ಪಾದಕ ಸಹೋದರಿಯರೇ,

ಹಸು ಮೇವು ಬಿಟ್ಟು, ಮೆಲುಕು ನಿಲ್ಲಿಸಿ ಮಂಕಾಗಿ ನಿಂತರೆ ನೀವು ಅದನ್ನು ಬೈಯುವುದಿಲ್ಲ. ಏನೋ ಕಾಯಿಲೆ ಎಂದು ನಮಗೆ ಫೋನ್ ಮಾಡುತ್ತೀರಿ. ಮನೆಯ ಯಜಮಾನರು ಮಂಕಾದರೆ ಮಾತ್ರ ಸೋಮಾರಿತನ, ಸಿಡುಕು ಎಂದುಕೊಳ್ಳುತ್ತೇವೆ. ರಾತ್ರಿ ಅವರು ಮುಖ ತಿರುಗಿಸಿ ಮಲಗಿದರೆ, 'ನನ್ನ ಮೇಲೆ ಆಸೆ ಹೋಯಿತೇ? ಬೇರೆ ಯಾರಾದರೂ ಇದ್ದಾರೆಯೇ?' ಎಂದು ಒಳಗೊಳಗೇ ಕೊರಗುತ್ತೇವೆ. ಖಿನ್ನತೆ ಎಂಬ ಕಾಯಿಲೆಯೂ ಇದಕ್ಕೆ ಕಾರಣವಾಗಿರಬಹುದು.

ಖಿನ್ನತೆ ಏನು ಮಾಡುತ್ತದೆ?

ಸಾಲ, ಬೆಳೆ ನಷ್ಟ, ಹಾಲು ಕರೆಯುತ್ತಿದ್ದ ಹಸುವಿನ ಸಾವು ಖಿನ್ನತೆಗೆ ದಾರಿಯಾಗಬಹುದು; ಕಾರಣವೇ ಇಲ್ಲದೆಯೂ ಬರಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆಗೇಡು, ಸುಸ್ತು, ಊಟ ಸೇರದಿರುವುದು ಇದರ ಲಕ್ಷಣಗಳು. ಗಂಡಸರಲ್ಲಿ ಸಿಟ್ಟು, ಕುಡಿತ ಹೆಚ್ಚುವುದೂ ಉಂಟು.

ಊಟದ ಆಸೆ ಹೋದಂತೆ ಕೂಡುವ ಆಸೆಯೂ ಹೋಗುತ್ತದೆ. ಆಸೆ ಹುಟ್ಟುವುದು ಮಿದುಳಿನಲ್ಲಿ. ಮನಸ್ಸು ಕುಗ್ಗಿದಾಗ ಅಂಗ ನಿಮಿರದೇ ಇರಬಹುದು, ನಿಮಿರಿದರೂ ನಿಲ್ಲದಿರಬಹುದು. ಒಮ್ಮೆ ಹೀಗಾದರೆ ಮತ್ತೆ ಹಾಗೇ ಆದೀತೆಂಬ ಭಯ. ಆ ಭಯದಿಂದ ಖಿನ್ನತೆ ಇನ್ನಷ್ಟು ಹೆಚ್ಚುತ್ತದೆ. ಇದು ನಿಮ್ಮ ತಪ್ಪಲ್ಲ, ಅವರ ಗಂಡಸುತನದ ಕೊರತೆಯೂ ಅಲ್ಲ.

ನೀವೇನು ಮಾಡಬಹುದು?

• ಹಂಗಿಸಬೇಡಿ. ಇಬ್ಬರೇ ಇರುವಾಗ "ಯಾಕೋ ಸೊರಗಿದ್ದೀರಿ, ಒಟ್ಟಿಗೆ ಹೋಗಿ ಡಾಕ್ಟರಿಗೆ ತೋರಿಸೋಣ" ಎನ್ನಿ.

• ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತು ನಂಬಿ ಹಾಲಿನ ಬಟವಾಡೆ ಹಣ ಸುರಿಯಬೇಡಿ.

• ಸಕ್ಕರೆ ಕಾಯಿಲೆ, ಬಿ.ಪಿ., ಕುಡಿತ, ಬೀಡಿ-ಸಿಗರೇಟಿನಿಂದಲೂ ಈ ತೊಂದರೆ ಬರುತ್ತದೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

• ಖಿನ್ನತೆಯ ಕೆಲವು ಮಾತ್ರೆಗಳೂ ಆಸೆ ತಗ್ಗಿಸುತ್ತವೆ. ಹಾಗಾದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಡಾಕ್ಟರಿಗೆ ನಾಚದೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.

• "ನಾನು ಇದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ, ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅವರು ಒಪ್ಪದಿದ್ದರೆ ನೀವೇ ಮಾಡಿ ಕೇಳಿ.

ನಾನು ದನಕರುಗಳ ಡಾಕ್ಟರು, ಇದಕ್ಕೆ ಔಷಧಿ ಬರೆಯಲಾರೆ. ಆದರೆ ಕಾಯಿಲೆಯನ್ನು ಬೇಗ ಗುರುತಿಸಿದರೆ ಬೇಗ ವಾಸಿ ಎಂಬುದು ಕೊಟ್ಟಿಗೆಗೂ ಮನೆಗೂ ಒಂದೇ.

– ಪಶುವೈದ್ಯಾಧಿಕಾರಿ