ನಕ್ಷತ್ರ ನೋಡುವ ಕಣ್ಣಿಗೆ ಯಾವ ಗಾಜು?

ಕನ್ನಡ ಪಾಠ ಹೇಳಿಕೊಂಡಿದ್ದವನಿಗೂ ದೂರದರ್ಶಕಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಕೃತ್ತಿಕೆ, ರೋಹಿಣಿ, ಅಗಸ್ತ್ಯ ಎಂಬ ಹೆಸರುಗಳನ್ನು ತರಗತಿಯಲ್ಲಿ ಮೂರು ದಶಕಗಳ ಕಾಲ ಹೇಳುತ್ತ ಬಂದವನು ನಾನು. ಅವನ್ನು ಒಮ್ಮೆಯಾದರೂ ನೆಟ್ಟಗೆ ನೋಡಬೇಕೆಂಬ ಆಸೆ ನಿವೃತ್ತಿಯ ಮೇಲೆ ತಲೆಯೆತ್ತಿತು. 2019ರಲ್ಲಿ ಹುಣಸೂರಿನ ನಮ್ಮ ಮನೆಯ ತಾರಸಿಗೆ ಒಂದು ದೂರದರ್ಶಕ ಬಂದಿತು. ಅದರ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ '675 ಪಟ್ಟು' ಎಂದು ಅಚ್ಚಾಗಿತ್ತು. ಮಳೆಗಾಲ ಕಳೆದ ಒಂದು ಸಂಜೆ ಆ 675 ಪಟ್ಟನ್ನೇ ಹೂಡಿ ಶನಿಗ್ರಹವನ್ನು ಹುಡುಕಿದೆ. ಕಂಡದ್ದು ನಡುಗುವ ಒಂದು ಮಸುಕು ಕಲೆ. ತಪ್ಪು ಶನಿಯದಲ್ಲ, ನಾನು ಆರಿಸಿದ ಗಾಜಿನದು.

ದೂರದರ್ಶಕದಲ್ಲಿ ಎರಡು ಕೆಲಸಗಳಿವೆ. ಮುಂದಿನ ದೊಡ್ಡ ಕನ್ನಡಿ ಅಥವಾ ಮಸೂರ ಬೆಳಕನ್ನು ಕೂಡಿಸಿ ಬಿಂಬವನ್ನು ರಚಿಸುತ್ತದೆ. ಅಂಗಡಿಯವರು ಐಪೀಸ್ ಎನ್ನುವ ನೇತ್ರಮಸೂರ ಆ ಬಿಂಬವನ್ನು ಹಿಗ್ಗಿಸಿ ಕಣ್ಣಿಗೆ ಒಪ್ಪಿಸುತ್ತದೆ. ಲೆಕ್ಕ ಸುಲಭ. ದೂರದರ್ಶಕದ ಸಂಗಮದೂರವನ್ನು ನೇತ್ರಮಸೂರದ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. ನನ್ನದರ ಕನ್ನಡಿಯ ಅಗಲ 114 ಮಿಲಿಮೀಟರ್, ಸಂಗಮದೂರ 900. ಆದ್ದರಿಂದ 25 ಮಿಲಿಮೀಟರಿನ ಐಪೀಸು 36 ಪಟ್ಟು, 10ರದು 90 ಪಟ್ಟು, 4ರದು 225 ಪಟ್ಟು ಹಿಗ್ಗಿಸುತ್ತವೆ. ಕೊನೆಯದಕ್ಕೆ ಮೂರು ಪಟ್ಟಿನ ಬಾರ್ಲೋ ಮಸೂರವನ್ನು ಸೇರಿಸಿದರೆ ಪೆಟ್ಟಿಗೆಯ ಮೇಲಿನ 675 ಬರುತ್ತದೆ. ಲೆಕ್ಕ ಸುಳ್ಳಲ್ಲ, ಆದರೆ ಪ್ರಯೋಜನವಿಲ್ಲ. ಕನ್ನಡಿ ಕೂಡಿಸಿದ ಬೆಳಕು ಇದ್ದಷ್ಟೇ. ವರ್ಧನೆ ಹೆಚ್ಚಿದಂತೆ ಆ ಬೆಳಕು ತೆಳುವಾಗುತ್ತ ಹೋಗುತ್ತದೆ. ಒಂದೇ ಸೌಟು ಹಿಟ್ಟನ್ನು ಕಾವಲಿಯಗಲ ಎಳೆದರೆ ದೋಸೆ ಹರಿಯುವುದಿಲ್ಲವೇ? ಕನ್ನಡಿಯ ಅಗಲದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಮೇಲಿನ ಮಿತಿ. ನನ್ನದಕ್ಕೆ 228. ಗಾಳಿ ಕದಲುವ ಬಹಳಷ್ಟು ರಾತ್ರಿಗಳಲ್ಲಿ ಅದೂ ಹೆಚ್ಚೇ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಕಡಿಮೆ ವರ್ಧನೆಯ ಗಾಜು. 25 ಮಿಲಿಮೀಟರಿನ ಪ್ಲಾಸಲ್ ಮಾದರಿಯ ಐಪೀಸಿನಲ್ಲಿ ಹೆಚ್ಚುಕಡಿಮೆ ಮೂರು ಹುಣ್ಣಿಮೆಚಂದ್ರರನ್ನು ಸಾಲಾಗಿ ಇರಿಸುವಷ್ಟು ಆಕಾಶ ಒಮ್ಮೆಗೆ ಕಾಣುತ್ತದೆ. ಕೃತ್ತಿಕೆಯ ಗುಂಪು, ಮಹಾವ್ಯಾಧನ ನೀಹಾರಿಕೆ, ಗುರುವಿನ ನಾಲ್ಕು ಉಪಗ್ರಹಗಳು, ಎಲ್ಲಕ್ಕೂ ಅದು ಸಾಕು. ಶನಿಯ ಬಳೆಗಳು ನಮ್ಮತ್ತ ವಾಲಿರುವ ವರ್ಷಗಳಲ್ಲಿ 36 ಪಟ್ಟಿಗೇ ಗುರುತು ಸಿಗುತ್ತವೆ. ಎರಡನೆಯದಾಗಿ ಚಂದ್ರನ ಕುಳಿಗಳಿಗೂ ಗ್ರಹಗಳಿಗೂ 10 ಮಿಲಿಮೀಟರಿನದು. ಕೊಳ್ಳುವಾಗ ಕೊಳವೆಯ ಅಗಲ ಒಂದೂಕಾಲು ಇಂಚು ಇದೆಯೇ ನೋಡಿ. ಅಗ್ಗದ ಉಪಕರಣಗಳ ಸಣ್ಣ ಕೊಳವೆಗೆ ಒಳ್ಳೆಯ ಐಪೀಸು ಸಿಗುವುದು ಕಷ್ಟ. ಕನ್ನಡಕದವರು ಕನ್ನಡಕ ತೆಗೆದೇ ಹೊಂದಿಸಿಕೊಳ್ಳಬಹುದು. ಅಸ್ಟಿಗ್ಮ್ಯಾಟಿಸಂ ಇರುವವರು ಮಾತ್ರ ಕಣ್ಣನ್ನು ತುಸು ದೂರವಿಟ್ಟು ನೋಡಲು ಬರುವ ಐಪೀಸನ್ನು ಕೇಳಿ ಪಡೆಯಬೇಕು.

ಇನ್ನು ಬಣ್ಣದ ಗಾಜುಗಳು, ಎಂದರೆ ಫಿಲ್ಟರುಗಳು. ಇವು ಬೆಳಕನ್ನು ಕಳೆಯುತ್ತವೆಯೇ ಹೊರತು ಕೂಡಿಸುವುದಿಲ್ಲ. ಹುಣ್ಣಿಮೆಯ ಚಂದ್ರ ಕಣ್ಣು ಕೋರೈಸಿದರೆ ಬೂದುಬಣ್ಣದ ಗಾಜು ಹಿತ. ತಿಳಿನೀಲಿ ಗಾಜು ಗುರುವಿನ ಪಟ್ಟೆಗಳನ್ನು ತುಸು ಎತ್ತಿ ತೋರಿಸುತ್ತದೆ. ಗಾಢ ಕೆಂಪು ಸಣ್ಣ ದೂರದರ್ಶಕಕ್ಕೆ ಕತ್ತಲೆಯನ್ನೇ ತರುತ್ತದೆ. ಪಟ್ಟಣದ ಬೆಳಕನ್ನು ತಡೆಯುವುದೆಂದು ಮಾರುವ ಫಿಲ್ಟರು ಕೆಲವು ನೀಹಾರಿಕೆಗಳಿಗೆ ಒದಗೀತು. ಆದರೆ ಎಲ್‌ಇಡಿ ದೀಪದ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ಅದನ್ನು ಪೂರ್ತಿ ಸೋಸಲು ಬರುವುದಿಲ್ಲ. ಹುಣಸೂರಿನ ತಾರಸಿಯಿಂದ ಮೂಡಣಕ್ಕೆ ಮೈಸೂರಿನ ಬೆಳಕಿನ ಮಬ್ಬು ಕಾಣುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳ ಹೊಗೆಯೂ ಕೃಷ್ಣರಾಜನಗರದ ಗದ್ದೆಬಯಲಿನ ಇಬ್ಬನಿಯೂ ಯಾವ ಫಿಲ್ಟರಿಗೂ ಬಗ್ಗವು. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳ ಕತ್ತಲೆಯೇ ಎಲ್ಲಕ್ಕಿಂತ ಉತ್ತಮ ಫಿಲ್ಟರು. ಅಲ್ಲಿಯೂ ಮನೆಯ ತಾರಸಿಯ ಮೇಲೆಯೇ ನಿಲ್ಲಿ. ರಾತ್ರಿಯ ಹೊಲದಲ್ಲಿ ಆನೆಗೆ ನಿಮ್ಮ ಖಗೋಳ ತಿಳಿಯದು.

ಕೊನೆಯ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ನನ್ನ ಪೆಟ್ಟಿಗೆಯಲ್ಲಿ 'ಸೂರ್ಯ' ಎಂದು ಗುರುತಿಸಿದ, ಐಪೀಸಿಗೆ ತಿರುಪಿ ಕೂರಿಸುವ ದಟ್ಟಹಸಿರಿನ ಚಿಕ್ಕ ಗಾಜೊಂದಿತ್ತು. 2019ರ ಡಿಸೆಂಬರ್ 26ರ ಗ್ರಹಣಕ್ಕೆ ಕೆಲವು ದಿನ ಮೊದಲು ಅದನ್ನು ಹಾಕಿ ಸೂರ್ಯನನ್ನು ಒಂದು ಕ್ಷಣ ನೋಡಿದೆ. ಸೊಗಸಾಗಿತ್ತು. ಪಕ್ಕದ ಮನೆಯ ಹುಡುಗನನ್ನು ಕೂಗಿ ಈಚೆ ಸರಿದೆ. ಅವನು ಮೆಟ್ಟಿಲೇರಿ ಬರುವಷ್ಟರಲ್ಲಿ ಟಕ್ಕೆಂಬ ಸದ್ದಾಯಿತು. ಗಾಜು ಅಡ್ಡಲಾಗಿ ಸೀಳಿತ್ತು. ಹಗಲಿನಲ್ಲಿ ಕಣ್ಣಿನ ಪಾಪೆಯ ಅಗಲ ಎರಡು ಮಿಲಿಮೀಟರಿನಷ್ಟು. ನನ್ನ ಕನ್ನಡಿ ಅದಕ್ಕಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಬಿಸಿಲನ್ನು ಕೂಡಿಸಿ ಆ ಚಿಕ್ಕ ಗಾಜಿನ ಬಳಿಗೆ ಕಳುಹುತ್ತಿತ್ತು. ಅಕ್ಷಿಪಟಕ್ಕೆ ನೋವು ತಿಳಿಯದು. ಸುಟ್ಟದ್ದು ಗೊತ್ತಾಗುವ ವೇಳೆಗೆ ದೃಷ್ಟಿ ಹೋಗಿರುತ್ತದೆ. ಗ್ರಹಣದ ದಿನ ಕೊಡಗಿನ ಕುಟ್ಟದಲ್ಲಿಯೂ ಮಂಗಳೂರಿನಲ್ಲಿಯೂ ಜನ ಕಂಕಣವನ್ನು ನೋಡಿದರು. ನಾನೂ ಆ ಹುಡುಗನೂ ರಟ್ಟಿನ ಸೂಜಿರಂಧ್ರದಿಂದ ಗೋಡೆಗೆ ಬಿದ್ದ ಬಿಂಬವನ್ನು ನೋಡಿ ತೃಪ್ತರಾದೆವು.

ಸೂರ್ಯನ ಫಿಲ್ಟರು ಇರಬೇಕಾದದ್ದು ದೂರದರ್ಶಕದ ಮುಂದಿನ ಬಾಯಿಗೆ, ಬೆಳಕು ಒಳಹೊಗುವ ಮೊದಲೇ. ಅದಕ್ಕೆಂದೇ ತಯಾರಾದ ಹಾಳೆ ಬಿಸಿಲಿನ ಲಕ್ಷದಲ್ಲೊಂದು ಪಾಲನ್ನು ಮಾತ್ರ ಬಿಡುತ್ತದೆ. ಪ್ರತಿಸಲವೂ ತೂತಿದೆಯೇ ಎಂದು ಪರೀಕ್ಷಿಸಿ ಗಾಳಿಗೆ ಹಾರದಂತೆ ಬಿಗಿಯಿರಿ. ಪಕ್ಕದ ಹುಡುಕುಗೊಳವೆಯನ್ನೂ ಮುಚ್ಚಿರಿ. ಗ್ರಹಣದ ಕನ್ನಡಕ ಹಾಕಿಕೊಂಡು ದೂರದರ್ಶಕದಲ್ಲಿ ಇಣುಕುವುದು ಬೇಡವೇ ಬೇಡ. 2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣ ಗ್ರಹಣವಿದೆ, ನಮ್ಮಲ್ಲಿಗೆ ಪಾರ್ಶ್ವಗ್ರಹಣ. ಅಷ್ಟರೊಳಗೆ ನಿಮ್ಮ ಪೆಟ್ಟಿಗೆಗಳನ್ನು ಒಮ್ಮೆ ತೆರೆದು ನೋಡಿ. ಆ ಹಸಿರು ಗಾಜಿದ್ದರೆ ಯಾರಿಗೂ ದಾನ ಕೊಡಬೇಡಿ; ಒಡೆದು ಹೂಳಿಬಿಡಿ. ಒಡೆದ ನನ್ನ ಗಾಜು ಮಾತ್ರ ಇನ್ನೂ ಮೇಜಿನ ಮೇಲಿದೆ. ತಾರಸಿಗೆ ಬರುವ ಮಕ್ಕಳಿಗೆ ಚಂದ್ರನಿಗಿಂತ ಮೊದಲು ಅದನ್ನೇ ತೋರಿಸುತ್ತೇನೆ.